ಪರಿಚಿತ ಪಾತ್ರಗಳ ರೂಪವರ್ಣನೆ

ಹಿಂದಿನವರು ನಿರ್ಮಿಸಿದ ಪಾತ್ರಗಳನ್ನೆತ್ತಿಕೊಂಡು, ತಮ್ಮ ಅಭಿಮಾನಕ್ಕೆ ಒಪ್ಪುವಂತೆ ಹೊಸ ಕಥೆ ಹೆಣೆಯುವ ಹವ್ಯಾಸವು ಈಗಿನ ಹುಡುಗಿಯರಲ್ಲಿ ಬಹಳವಾಗಿ ಕಾಣುತ್ತಿದೆ. ತಂದೆತಾಯಿಗಳು ಇದನ್ನು ಕಾಲಹರಣವೆಂದು ಭಾವಿಸಬೇಕಾಗಿಲ್ಲ. ಕನ್ನಡ ಕವಿಗಳು ಸಾವಿರ ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸವೇ ಇದು. ಆದರೆ ಇದರಲ್ಲೊಂದು ತೊಡಕುಂಟು. ಸೀತೆಯನ್ನು ವಾಚಕರು ಮೊದಲೇ ಬಲ್ಲರು. ಬಲ್ಲವರಿಗೆ ಮುಡಿಯಿಂದ ಅಡಿಯವರೆಗೆ ಮತ್ತೆ ವರ್ಣಿಸಿದರೆ ಬೇಸರ. ಏನೂ ಹೇಳದಿದ್ದರೆ ಪಾತ್ರವು ಬರಿಯ ಹೆಸರಾಗಿ ಉಳಿಯುವುದು. ಕಥೆಯ ನಡೆಗೆ ಬೇಕಾದಷ್ಟನ್ನು, ನೋಡುವವರ ಕಣ್ಣಿನಿಂದ ಹೇಳುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ.

ನಮ್ಮ ನೆರೆಯ ಕಂಪ್ಲಿಯ ಕುಮಾರರಾಮನನ್ನೇ ನೋಡಿರಿ. 1327ರ ಸುಮಾರಿಗೆ ಅಳಿದುಹೋದ ಕಂಪಿಲಿ ರಾಜ್ಯದ ಈ ರಾಜಪುತ್ರನ ಕಥೆಯನ್ನು 16ನೆಯ ಶತಮಾನದ ನಂಜುಂಡ ಕವಿಯು ಸಾಂಗತ್ಯದಲ್ಲಿ ಬರೆದನು; ಬೇರೆ ಕವಿಗಳೂ ಹಾಡುಗಾರರೂ ತಿರುತಿರುಗಿ ಹೇಳಿದರು. ಇಲ್ಲಿ ರೂಪವು ಅಲಂಕಾರವಲ್ಲ, ಕಥೆಯ ಮೂಲವೇ ಅದು. ಚೆಂಡು ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದವನನ್ನು ಕಂಡು ಆಕೆ ಮೋಹಗೊಳ್ಳುತ್ತಾಳೆ. ಅವನು ಒಪ್ಪದಿರಲು ಸುಳ್ಳು ದೂರು, ತಂದೆಯಿಂದ ಮರಣದಂಡನೆ. ಮಂತ್ರಿ ಬೈಚಪ್ಪನು ಕುಮಾರನನ್ನು ಅಡಗಿಸಿಟ್ಟು ಬೇರೊಂದು ತಲೆಯನ್ನು ತೋರಿಸುತ್ತಾನೆ. ಅದೇ ಚೆಲುವು ರತ್ನಾಜಿಯ ಕಣ್ಣಿಗೆ ಒಂದು ಬಗೆ, ಮಗನ ತಲೆಯೆಂದು ನಂಬಿ ನೋಡುವ ತಂದೆಯ ಕಣ್ಣಿಗೆ ಮತ್ತೊಂದು ಬಗೆ. ಈ ಕಥೆಯನ್ನು ಹೊಸದಾಗಿ ಬರೆಯುವವಳು ಕುಮಾರನ ಮೂಗು, ಹುಬ್ಬು, ತೋಳುಗಳ ಪಟ್ಟಿಯನ್ನು ಮೊದಲ ಪುಟದಲ್ಲಿಯೇ ಮುಗಿಸಿಬಿಟ್ಟರೆ ಈ ಎರಡು ಸಂದರ್ಭಗಳಿಗೂ ಏನೂ ಉಳಿಯದು.

ಅಲ್ಪವೇ ಸಾಕೆಂಬುದಕ್ಕೆ ಹಂಪೆಯಲ್ಲಿ ಸಾಕ್ಷಿಯುಂಟು. 1528ರಲ್ಲಿ ಕಡೆದ 6.7 ಮೀಟರ್ ಎತ್ತರದ ನರಸಿಂಹನ ತೊಡೆಯ ಮೇಲೆ ಲಕ್ಷ್ಮಿಯಿದ್ದಳು. ಆ ಮೂರ್ತಿ ಭಗ್ನವಾದ ಮೇಲೆ ಜನರು ಅವನನ್ನು ಉಗ್ರನರಸಿಂಹನೆಂದೇ ಕರೆಯತೊಡಗಿದರು. ಆದರೆ ಹಿಂದಕ್ಕೆ ಹೋಗಿ ನೋಡಿದವರಿಗೆ ಅವನ ಬೆನ್ನಮೇಲೆ ಆಕೆಯ ಕೈ ಇನ್ನೂ ಕಾಣುವುದು. ಆ ಒಂದು ಕೈಯನ್ನು ಕಂಡ ಬಳಿಕ ಮುಂದಿನ ಉಬ್ಬುಗಣ್ಣುಗಳೂ ಬೇರೆಯಾಗಿಯೇ ತೋರುತ್ತವೆ.

ರೂಪವನ್ನು ಬದಲಿಸಲೂಬಹುದು. ಪಂಪರಾಮಾಯಣದ ನಾಗಚಂದ್ರನಲ್ಲಿ ವಾನರರು ಕಪಿಗಳಲ್ಲ, ಕಪಿಧ್ವಜವುಳ್ಳ ವಿದ್ಯಾಧರರು. ಬಾಲವಿಲ್ಲವೆಂದ ಮೇಲೆ ಬಾಲಕ್ಕೆ ಬೆಂಕಿಯಿಡುವ ಪ್ರಸಂಗಕ್ಕೂ ಎಡೆಯಿಲ್ಲ! ಒಂದನ್ನು ಬದಲಿಸಿದವರು ಅದರ ಫಲಗಳನ್ನೂ ಕೊನೆತನಕ ಹೊರಬೇಕು.

ಇನ್ನೊಂದು ಮಾತನ್ನು ತಾಯಂದಿರ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇವೆ. ಇಂಥ ಕಥೆಗಳ ನಾಯಕಿಗೆ ಹಾಲಿನಂಥ ಬಿಳುಪನ್ನೂ ದುಷ್ಟೆಗೆ ಕಪ್ಪು ಬಣ್ಣವನ್ನೂ ಹಚ್ಚುವ ವಾಡಿಕೆಯಿದೆ. ರಾಮನು ಶ್ಯಾಮಲನು, ದ್ರೌಪದಿಗೆ ಕೃಷ್ಣೆಯೆಂಬ ಹೆಸರು ಬಂದದ್ದೇ ಮೈಬಣ್ಣದಿಂದ. ಹೊಸಪೇಟೆ, ಸಂಡೂರುಗಳ ಬಿಸಿಲಿನಲ್ಲಿ ಬೆಳೆದ ಹುಡುಗಿಯು ತನ್ನ ಬಣ್ಣವನ್ನು ರಕ್ಕಸಿಯಲ್ಲಿ ಮಾತ್ರವೇ ಕಾಣುವಂತಾದರೆ ಅವಳ ಮನಸ್ಸಿಗೆ ಆಗುವ ನೋವನ್ನು ಬರೆಯುವವರು ಯೋಚಿಸಬೇಡವೇ? ಮಂಥರೆಯ ಗೂನನ್ನೂ ಹೀಗೆಯೇ ಕೇಡಿನ ಗುರುತಾಗಿ ಹೇಳಿಕೊಂಡು ಬಂದರು. 1949ರಲ್ಲಿ ಪ್ರಕಟವಾದ ಶ್ರೀ ರಾಮಾಯಣ ದರ್ಶನಂ ಕಾವ್ಯದಲ್ಲಿ ಕುವೆಂಪು ಅವರು ಆ ಮುದುಕಿಯನ್ನು ಮರುಕದಿಂದ ನೋಡಿ, ಭರತನ ಮೇಲಣ ಮಮತೆಯನ್ನೇ ಅವಳ ನಡತೆಗೆ ಕಾರಣವಾಗಿ ಕಾಣಿಸಿದ್ದಾರೆ. ಕಥೆ ಬರೆಯಹೊರಟ ಹುಡುಗಿಯರು ಆ ಭಾಗವನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು.