ನಿಮಗಿದು ಗೊತ್ತೆ? ಬಡಾವಣೆಗಳ ನಡುವೆ ಮಾತಾಡುವ ಕಲ್ಲುಗಳು

ಬೆಂಗಳೂರಿನ ಬಡಾವಣೆಗಳ ಹಳೆಯ ಕಥೆ ತಿಳಿಯಲು ಅಲ್ಲಿನ ಶಾಸನಗಳನ್ನು ಓದಬೇಕು.

● ಹೆಬ್ಬಾಳ: ಸುಮಾರು ಕ್ರಿ.ಶ. 750ರ ವೀರಗಲ್ಲು ಗಂಗ ದೊರೆ ಶ್ರೀಪುರುಷನ ಕಾಲದ್ದು. ರಟ್ಟವಾಡಿಯ (ರಾಷ್ಟ್ರಕೂಟರ) ದಾಳಿಯಲ್ಲಿ ಮಡಿದ ಕಿತ್ತಯ್ಯನ ಹೆಸರು ಇದರಲ್ಲಿದೆ. ಮಣ್ಣುಪಾಲಾಗಲಿದ್ದ ಈ ಕಲ್ಲನ್ನು 2018ರಲ್ಲಿ ಸ್ಥಳೀಯರೂ ಇತಿಹಾಸಾಸಕ್ತರೂ ಸೇರಿ ಉಳಿಸಿಕೊಂಡರು.

● ಬೇಗೂರು: ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಸುಮಾರು 890ರ ಶಾಸನದಲ್ಲಿ ‘ಬೆಂಗಳೂರು ಕಾಳಗ’ದ ಪ್ರಸ್ತಾಪವಿದೆ. ಅಂದರೆ 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರು ಶತಮಾನಗಳಿಗೂ ಹಿಂದೆಯೇ ಈ ಹೆಸರು ಬಳಕೆಯಲ್ಲಿತ್ತು!

● ಮಲ್ಲೇಶ್ವರ: ಶಿವಾಜಿಯ ಮಲಸಹೋದರ ಏಕೋಜಿ, ಇಲ್ಲಿನ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದನ್ನು 1669ರ ಶಾಸನ ಹೇಳುತ್ತದೆ. ಬಡಾವಣೆ ರೂಪುಗೊಂಡದ್ದು 1898ರ ಪ್ಲೇಗ್ ನಂತರ.

● ದಾಖಲೆ: ಶಾಸನತಜ್ಞ ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಈಗ ಬೆಂಗಳೂರಿನ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿ ಈ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ. ಸವೆದುಹೋದ ಅಕ್ಷರಗಳನ್ನೂ ಹೀಗೆ ಕಂಪ್ಯೂಟರ್ ಪರದೆಯ ಮೇಲೆ ಓದಬಹುದು.