ಹ್ಯಾಂಡ್‌ಬ್ರೇಕ್ ಗುಂಡಿಯಾದ ಮೇಲೆ

ನಮ್ಮ ಮನೆಗೆ ಹಳೆಯ ಕಾರೊಂದು ಬಂದು ವರ್ಷ ದಾಟಿತು. ಹಳೆಯದೆಂದರೆ ನಾಲ್ಕು ವರ್ಷ ಇನ್ನೊಬ್ಬರ ಕೈಯಲ್ಲಿ ಓಡಿದ್ದು. ಕೊಂಡವನು ನಾನಾದರೂ ಹೆಚ್ಚು ಓಡಿಸುವವಳು ನನ್ನ ಪತ್ನಿ. ನಾವಿರುವುದು ದೊಡ್ಡಬಳ್ಳಾಪುರದಲ್ಲಿ, ಅವಳು ಪಾಠ ಹೇಳುವ ಶಾಲೆ ಇರುವುದು ದೇವನಹಳ್ಳಿಯ ಕಡೆ. ಮೊದಲ ದಿನ ಸೀಟಿನಲ್ಲಿ ಕುಳಿತವಳು ಎಡಗೈಯಿಂದ ಪಕ್ಕದಲ್ಲಿ ತಡಕಾಡಿದಳು.

"ಇದೇನ್ರೀ, ಹ್ಯಾಂಡ್‌ಬ್ರೇಕೇ ಇಲ್ಲವಲ್ಲ!"

ಹಿಡಿ ಇರಬೇಕಾದ ಜಾಗದಲ್ಲಿ ಹೆಬ್ಬೆರಳಿನಷ್ಟು ಅಗಲದ ಗುಂಡಿಯೊಂದಿತ್ತು. ಅದರ ಮೇಲೆ ವೃತ್ತದೊಳಗೆ 'ಪಿ' ಎಂಬ ಇಂಗ್ಲಿಷ್ ಅಕ್ಷರ. ಬೆರಳಿನಿಂದ ಮೇಲಕ್ಕೆ ಎಳೆದರೆ ಹಿಂದಿನ ಚಕ್ರಗಳ ಬಳಿ 'ಝುಂಯ್' ಎಂದು ಸದ್ದಾಗಿ ಬ್ರೇಕು ಹಿಡಿಯುತ್ತದೆ. ಕಾಲಿನ ಬ್ರೇಕ್ ಒತ್ತಿಕೊಂಡು ಗುಂಡಿ ಅದುಮಿದರೆ ಬಿಡುತ್ತದೆ. ಒಂದು ವಾರದಲ್ಲಿ ಅವಳಿಗೆ ರೂಢಿಯಾಯಿತು. ಬಲವಾಗಿ ಎಳೆಯುವ ಕಷ್ಟವಿಲ್ಲ, ಮರೆತು ಅರ್ಧ ಎಳೆದು ಬಿಡುವ ಭಯವಿಲ್ಲ. ಭುಜ ನೋವಿರುವವರಿಗೆ ಇದೊಂದು ದೊಡ್ಡ ಉಪಕಾರವೇ ಸರಿ.

ಆರು ತಿಂಗಳ ನಂತರ ಹಿಂದಿನ ಚಕ್ರದಿಂದ ಕಿರ್ರೆಂಬ ಸದ್ದು ಬರತೊಡಗಿತು. ಪ್ಯಾಡ್ ಸವೆದಿದೆ ಎಂದು ಯಾರಾದರೂ ಹೇಳಬಲ್ಲರು. ನಾನು ಒಂದು ಭಾನುವಾರ ಹೆದ್ದಾರಿಯ ಬದಿಯ ಗ್ಯಾರೇಜೊಂದಕ್ಕೆ ಕಾರನ್ನು ಬಿಟ್ಟೆ. ಅಲ್ಲಿನ ಹುಡುಗ ಚುರುಕಿನವನು. ಜ್ಯಾಕ್ ಕೊಟ್ಟು, ಚಕ್ರ ಬಿಚ್ಚಿ, ಹಳೆಯ ಪ್ಯಾಡುಗಳನ್ನು ತೆಗೆದ. ಹೊಸ ಪ್ಯಾಡು ದಪ್ಪ. ಅದು ಕೂರಬೇಕಾದರೆ ಒಳಗಿನ ಪಿಸ್ಟನ್ ಹಿಂದೆ ಸರಿಯಬೇಕು. ಅವನು ಸಿ-ಕ್ಲ್ಯಾಂಪ್ ಹಾಕಿ ತಿರುಗಿಸಿದ. ಪಿಸ್ಟನ್ ಅಲುಗಲಿಲ್ಲ. ಕ್ಲ್ಯಾಂಪಿಗೆ ಉದ್ದನೆಯ ಪೈಪು ಸಿಕ್ಕಿಸಿ ಇನ್ನೂ ಬಿಗಿ ಮಾಡಿದ. 'ಕಟ್' ಎಂದು ಸದ್ದಾಗಿ ಸರಿಯಿತು. ಇನ್ನೊಂದು ಬದಿಯಲ್ಲೂ ಹಾಗೆಯೇ. ನಾನು ಚಹಾ ಕುಡಿಯುತ್ತ ನೋಡುತ್ತಿದ್ದೆ, ನನಗೇನೂ ಅನ್ನಿಸಲಿಲ್ಲ. ಹೊರಡುವಾಗ ಮುಂದಿನ ಫಲಕದಲ್ಲಿ ಹಳದಿ ದೀಪ ಉರಿಯುತ್ತಿತ್ತು. "ಸೆನ್ಸರ್ ಸಾರ್, ಓಡ್ತಾ ಓಡ್ತಾ ಹೋಗ್ಬಿಡುತ್ತೆ" ಎಂದ. ಕಾಲಿನ ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ನಾನು ನಂಬಿದೆ.

ನಮ್ಮ ಮನೆಯ ಮುಂದಿನ ಬೀದಿ ಸ್ವಲ್ಪ ಇಳಿಜಾರು. ಮರುದಿನ ಸಂಜೆ ಪತ್ನಿ ಬಂದು ಕಾರು ನಿಲ್ಲಿಸಿ, ಗುಂಡಿ ಎಳೆದು, ಇಳಿದಳು. ಝುಂಯ್ ಎಂಬ ಸದ್ದು ಎಂದಿನಂತೆ ಬಂತು. ಆ ಧೈರ್ಯದ ಮೇಲೆ ಗೇರ್ ಹಾಕಿರಲಿಲ್ಲ. ಅವಳು ಗೇಟಿನ ಚಿಲಕ ತೆಗೆಯುವಷ್ಟರಲ್ಲಿ ಕಾರು ಸದ್ದಿಲ್ಲದೆ ಹಿಂದಕ್ಕೆ ಜಾರತೊಡಗಿತು. ಎದುರು ಮನೆಯ ಖಾಲಾ ಮೊಮ್ಮಗನನ್ನು ಎತ್ತಿಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದರು. ಪತ್ನಿಯ ಕೂಗು ಕೇಳಿ ಅವರು ಗೋಡೆಯ ಕಡೆ ಸರಿದರು. ಕಾರು ಅವರನ್ನು ದಾಟಿ, ನೀರಿನ ಡ್ರಮ್ಮಿಗೆ ಗುದ್ದಿ ನಿಂತಿತು. ಅಲ್ಲಾಹನ ಕೃಪೆ, ಒಡೆದದ್ದು ಡ್ರಮ್ಮು ಮಾತ್ರ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಪತ್ನಿಯ ತಮ್ಮ ಮೆಕ್ಯಾನಿಕ್. ಹದಿಮೂರನೆಯ ವಯಸ್ಸಿನಲ್ಲಿ ಉಸ್ತಾದರ ಕೈಕೆಳಗೆ ಸ್ಪ್ಯಾನರ್ ಹಿಡಿದವನು, ಈಗ ಅವನದೇ ಗ್ಯಾರೇಜು ಇದೆ. ಹತ್ತಿರದ ನಂಟರಿಗೆ ಯಾಕೆ ತೊಂದರೆ ಎಂದು ಮೊದಲೇ ಅವನಲ್ಲಿಗೆ ಹೋಗದೆ ಇದ್ದದ್ದು ನನ್ನ ತಪ್ಪು. ಮರುದಿನ ಬಂದು ಕಾರು ಎಳೆಸಿಕೊಂಡು ಹೋದ. ಮಧ್ಯಾಹ್ನ ಫೋನು ಮಾಡಿ, "ದುಲ್ಹಾಭಾಯಿ, ಆಪಾನ್ನೂ ಕರಕೊಂಡು ಬನ್ನಿ. ಓಡಿಸೋದು ಅವರು, ಅವರಿಗೇ ತೋರಿಸಬೇಕು" ಎಂದ.

ಅವನು ತೋರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ಹಿಡಿಯಿರುವ ಹಳೆಯ ಕಾರಿನಲ್ಲಿ ಕೈಯಿಂದ ಎಳೆದಾಗ ಕೆಳಗಿನ ಉಕ್ಕಿನ ಕೇಬಲ್ ಬಿಗಿಯಾಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಹಿಂದಿನ ಚಕ್ರದ ಡ್ರಮ್ಮಿನೊಳಗೆ ಎರಡು ಶೂಗಳು ಅಗಲಗೊಂಡು ಡ್ರಮ್ಮನ್ನು ಹಿಡಿಯುತ್ತವೆ. ಸೈಕಲ್ಲಿನ ಬ್ರೇಕ್ ತಂತಿಯನ್ನು ನೋಡಿದವರಿಗೆ ಇದು ಹೊಸದಲ್ಲ. ಗುಂಡಿಯ ಹೆಚ್ಚಿನ ಕಾರುಗಳಲ್ಲಿ ಹಿಂದೆಯೂ ಡಿಸ್ಕ್ ಇರುತ್ತದೆ, ಅಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಅದರ ಎರಡು ಬದಿಗೆ ಪ್ಯಾಡುಗಳು, ಅವನ್ನು ಕವುಚಿಕೊಂಡು ಕೂತ ಕ್ಯಾಲಿಪರ್. ಕ್ಯಾಲಿಪರಿನೊಳಗೆ ಲೋಟದ ಆಕಾರದ ಪಿಸ್ಟನ್. ಕಾಲಿನಿಂದ ಒತ್ತಿದಾಗ ಬ್ರೇಕ್ ಆಯಿಲ್ ಆ ಲೋಟವನ್ನು ಮುಂದೆ ತಳ್ಳುತ್ತದೆ. ಗುಂಡಿ ಎಳೆದಾಗ ಆಯಿಲ್‌ಗೆ ಕೆಲಸವಿಲ್ಲ. ಕ್ಯಾಲಿಪರಿನ ಬೆನ್ನಿಗೆ ಕೂರಿಸಿದ ಪುಟ್ಟ ಮೋಟಾರು ಹಲ್ಲುಚಕ್ರಗಳನ್ನು ತಿರುಗಿಸುತ್ತದೆ, ಅವು ಒಂದು ಸ್ಕ್ರೂವನ್ನು ತಿರುಗಿಸುತ್ತವೆ, ಸ್ಕ್ರೂವಿನ ಮೇಲಿನ ನಟ್ಟು ಮುಂದೆ ಬಂದು ಲೋಟವನ್ನು ಒಳಗಿನಿಂದ ನೂಕುತ್ತದೆ. ಕರೆಂಟು ನಿಂತ ಮೇಲೂ ಸ್ಕ್ರೂ ಹಿಂದಕ್ಕೆ ತಿರುಗುವುದಿಲ್ಲ. ಹಾಗಾಗಿಯೇ ಇಡೀ ರಾತ್ರಿ ಕಾರು ಅಲ್ಲಾಡದೆ ನಿಲ್ಲುವುದು.

"ಆಪಾ, ಚಕ್ಕುಲಿ ಒರಳು ಗೊತ್ತಲ್ಲ? ತಿರುಗಿಸೋ ಹಿಡಿ ಇರೋದು. ಹಿಡಿ ತಿರುಗಿಸಿದರೆ ಒಳಗಿನ ಬಿಲ್ಲೆ ಹಿಟ್ಟನ್ನ ತಳ್ಳುತ್ತೆ. ಈಗ ಕೆಳಗಿನಿಂದ ಕೈಯಿಟ್ಟು ಬಿಲ್ಲೆಯನ್ನ ಮೇಲಕ್ಕೆ ನೂಕಿ ನೋಡೋಣ, ಹೋಗುತ್ತಾ?"

"ಎಲ್ಲಿ ಹೋಗುತ್ತೆ? ಹಿಡಿ ಹಿಂದಕ್ಕೆ ತಿರುಗಿಸಬೇಕು."

"ಅಷ್ಟೇ. ಆ ಹುಡುಗ ಹಿಡಿ ತಿರುಗಿಸದೆ ಬಿಲ್ಲೆಯನ್ನ ಸುತ್ತಿಗೆ ಹಾಕಿ ಹೊಡೆದ ಹಾಗೆ ಮಾಡಿದ್ದಾನೆ."

ಬಿಚ್ಚಿಟ್ಟ ಕ್ಯಾಲಿಪರ್ ಮೇಜಿನ ಮೇಲಿತ್ತು. ಮೋಟಾರಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಹಲ್ಲುಗಳು ಮುರಿದಿದ್ದವು, ಸ್ಕ್ರೂವಿನ ಮರೆ ಕಿತ್ತುಹೋಗಿತ್ತು. ಮೋಟಾರು ತಿರುಗುತ್ತಿತ್ತು, ಸದ್ದು ಬರುತ್ತಿತ್ತು, ಪಿಸ್ಟನ್ನಿಗೆ ಏನೂ ತಲುಪುತ್ತಿರಲಿಲ್ಲ. ಆಯಿಲ್ ಮಾತ್ರ ತನ್ನ ಕೆಲಸ ಮಾಡುತ್ತಿದ್ದರಿಂದ ಕಾಲಿನ ಬ್ರೇಕಿನಲ್ಲಿ ದೋಷ ಕಾಣಲಿಲ್ಲ. ಮೋಸ ಹೋಗಲು ಇದಕ್ಕಿಂತ ಸುಲಭದ ದಾರಿ ಬೇರೆ ಬೇಕೆ?

ಸರಿಯಾದ ಕ್ರಮ ಬೇರೆ. ಪ್ಯಾಡು ಬಿಚ್ಚುವ ಮೊದಲು ಈ ಬ್ರೇಕನ್ನು 'ಸರ್ವಿಸ್ ಮೋಡ್'ಗೆ ತರಬೇಕು. ಸ್ಟಿಯರಿಂಗಿನ ಕೆಳಗೆ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಸ್ಕ್ಯಾನರ್ ಜೋಡಿಸಿ ಆಜ್ಞೆ ಕೊಟ್ಟರೆ ಮೋಟಾರುಗಳು ತಾವಾಗಿ ನಟ್ಟನ್ನು ಪೂರ್ತಿ ಹಿಂದಕ್ಕೆ ಕರೆದುಕೊಳ್ಳುತ್ತವೆ. ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಇಲ್ಲದೆ, ಪೆಡಲು ಮತ್ತು ಗುಂಡಿಗಳನ್ನು ಗೊತ್ತಾದ ಕ್ರಮದಲ್ಲಿ ಒತ್ತಿಯೂ ಇದನ್ನು ಮಾಡಬಹುದು. ಆದರೆ ಆ ಕ್ರಮ ಕಾರಿನಿಂದ ಕಾರಿಗೆ ಬೇರೆ, ಕಂಪನಿಯ ಪುಸ್ತಕ ನೋಡಿಯೇ ಮಾಡಬೇಕು. ಈ ಹೊತ್ತಿಗೆ ಬ್ಯಾಟರಿ ಚೆನ್ನಾಗಿರಬೇಕು, ನಡುವೆ ಕೈಕೊಟ್ಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ನಟ್ಟು ಹಿಂದೆ ಸರಿದ ಮೇಲೆ ಪಿಸ್ಟನ್ನನ್ನು ಕ್ಲ್ಯಾಂಪಿನಿಂದ ನಿಧಾನವಾಗಿ ಒತ್ತಬಹುದು, ಆಗ ಅದು ಹಠ ಮಾಡುವುದಿಲ್ಲ. ಹಠ ಮಾಡಿದರೆ ಏನೋ ತಪ್ಪಿದೆ ಎಂದೇ ಅರ್ಥ.

ಇಲ್ಲಿ ಇನ್ನೊಂದು ಅಪಾಯವನ್ನೂ ಅವನು ಹೇಳಿದ. ಇಗ್ನಿಷನ್ ಆಫ್ ಮಾಡಿದರೆ ಅಥವಾ ಡ್ರೈವರ್ ಬಾಗಿಲು ತೆರೆದರೆ ಕೆಲವು ಕಾರುಗಳು ತಾವೇ ಬ್ರೇಕು ಹಾಕಿಕೊಳ್ಳುತ್ತವೆ. ಸರ್ವಿಸ್ ಮೋಡ್‌ಗೆ ತರದೆ ಕ್ಯಾಲಿಪರ್ ಬಿಚ್ಚಿಟ್ಟಾಗ ಹಾಗಾದರೆ, ಅಥವಾ ಮಗು ಹೋಗಿ ಗುಂಡಿ ಎಳೆದರೆ, ಪಿಸ್ಟನ್ ಮುನ್ನುಗ್ಗುತ್ತದೆ. ಮೆಕ್ಯಾನಿಕ್‌ನ ಬೆರಳು ಅಲ್ಲಿದ್ದರೆ ಬೆರಳು ಹೋಯಿತು. ಗ್ಯಾರೇಜಿಗೆ ಮಕ್ಕಳನ್ನು ಕರೆದೊಯ್ದು ಕಾರಿನೊಳಗೆ ಆಡಲು ಬಿಡುವ ನಮ್ಮ ಅಭ್ಯಾಸ ನೆನಪಾಗಿ ನಾನು ಸುಮ್ಮನಾದೆ. ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ಎರಡು ತಂತಿ ಮುಟ್ಟಿಸಿ ಪಿಸ್ಟನ್ ಸರಿಸುವವರೂ ಇದ್ದಾರಂತೆ. ಎಲ್ಲಿ ನಿಲ್ಲಬೇಕೆಂದು ಕಾರಿನ ಕಂಪ್ಯೂಟರಿಗೆ ಗೊತ್ತು, ತಂತಿಗೆ ಗೊತ್ತಿಲ್ಲ.

ಪ್ಯಾಡನ್ನು ಒಂದೇ ಬದಿಗೆ ಹಾಕುವಂತಿಲ್ಲ, ಎರಡೂ ಚಕ್ರಗಳಿಗೆ ಒಟ್ಟಿಗೆ ಹಾಕಬೇಕು. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಅದರ ಅಂಚಿನಲ್ಲೇ ಕೆತ್ತಿರುತ್ತದೆ, ಅದಕ್ಕಿಂತ ಸವೆದಿದ್ದರೆ ಡಿಸ್ಕೂ ಬದಲಾಗಬೇಕು. ಪ್ಯಾಡಿನಲ್ಲಿ ಮೂರು ಮಿಲಿಮೀಟರ್ ಉಳಿದಾಗಲೇ ಬದಲಾಯಿಸಿದರೆ ಡಿಸ್ಕ್ ಉಳಿಯುತ್ತದೆ. ಕಿರ್ರೆನ್ನುವವರೆಗೆ ಕಾಯುವುದು ದುಬಾರಿ ಉಳಿತಾಯ. ಎಲ್ಲ ಜೋಡಿಸಿದ ಮೇಲೆ ಕಾಲಿನ ಬ್ರೇಕನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು. ಇಲ್ಲದಿದ್ದರೆ ಗ್ಯಾರೇಜಿನ ಬಾಗಿಲಲ್ಲೇ ಪೆಡಲು ನೆಲ ಮುಟ್ಟಿ ಕಾರು ಎದುರಿನ ಗೋಡೆಗೆ ಹೋದೀತು. ಬಳಿಕ ಸರ್ವಿಸ್ ಮೋಡ್‌ನಿಂದ ಹೊರತಂದು, ಬ್ರೇಕು ಹಾಕಿ ಬಿಟ್ಟು ಪರೀಕ್ಷಿಸಿ, ಫಲಕದಲ್ಲಿ ಹಳದಿ ದೀಪ ಉಳಿದಿಲ್ಲ ಎಂದು ನೋಡಿ ಕೀಲಿಕೈ ಕೊಡಬೇಕು. ನಮಗೆ ಕೊಟ್ಟಾಗ ಆ ದೀಪ ಉರಿಯುತ್ತಲೇ ಇತ್ತಲ್ಲ!

ಎರಡೂ ಕ್ಯಾಲಿಪರ್ ಹೊಸದಾಗಿ ತರಿಸಬೇಕಾಯಿತು. ಖರ್ಚು ನನ್ನ ಒಂದು ತಿಂಗಳ ಸಂಬಳವನ್ನು ಮೀರಿತು. ಭಾವಮೈದುನ ತನ್ನ ಕೂಲಿ ತೆಗೆದುಕೊಳ್ಳಲಿಲ್ಲ. ನಾನು ಅವನ ಮಗಳ ಪುಸ್ತಕಕ್ಕೆಂದು ಕೊಟ್ಟದ್ದನ್ನು ಒಲ್ಲೆನೆನ್ನಲಿಲ್ಲ.

ಇದು ಶ್ರೀಮಂತರ ಕಾರಿನ ವಿಷಯ, ನಮಗೇಕೆ ಎಂದು ಓದುಗ ಸಹೋದರಿಯರು ಪುಟ ತಿರುವಬಾರದು. 2001ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ತನ್ನ 7 ಸೀರೀಸ್ ಕಾರಿನಲ್ಲಿ ಇದನ್ನು ಕೊಟ್ಟಾಗ ಅದು ಶ್ರೀಮಂತರದೇ ಆಗಿತ್ತು. ಆದರೆ ನಮ್ಮ ದೇಶದಲ್ಲಿ 2020ರ ಹ್ಯುಂಡೈ ಕ್ರೆಟಾದ ಮೇಲಿನ ದರ್ಜೆಗಳಲ್ಲಿ, 2022ರ ಟಾಟಾ ನೆಕ್ಸಾನ್ ಇವಿ ಮ್ಯಾಕ್ಸ್‌ನಲ್ಲಿ, 2024ರ ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒದ ಕೆಲವು ದರ್ಜೆಗಳಲ್ಲಿ ಈ ಗುಂಡಿ ಬಂದಿದೆ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಇನೋವಾ ಹೈಕ್ರಾಸ್‌ನಲ್ಲೂ ಇದೆ. (ಬಿಡದಿ 2007ರವರೆಗೆ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತು.) ಈ ಕಾರುಗಳೆಲ್ಲ ಈಗ ಒಂದೊಂದಾಗಿ ಎರಡನೆಯ ಕೈಗೆ, ಮೂರನೆಯ ಕೈಗೆ ಬರುತ್ತಿವೆ. ಅಂದರೆ ನಮ್ಮಂಥವರ ಮನೆಗೆ, ನಮ್ಮಂಥವರ ಗ್ಯಾರೇಜಿಗೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಭಾಗದ ಎಷ್ಟೋ ಮನೆಗಳ ಯುವಕರು ಟ್ಯಾಕ್ಸಿ ಹಿಡಿದರು, ಟ್ಯಾಕ್ಸಿಯ ಹಿಂದೆ ಗ್ಯಾರೇಜುಗಳು ಬಂದವು. ಹೊಸಕೋಟೆ, ನೆಲಮಂಗಲದ ಹೆದ್ದಾರಿ ಬದಿಯಲ್ಲಿ ಸಾಲಾಗಿ ಕಾಣುವ ಪಂಕ್ಚರ್ ಅಂಗಡಿ, ಬ್ರೇಕ್ ಕೆಲಸದ ಶೆಡ್ಡುಗಳಲ್ಲಿ ನಮ್ಮ ಸಮುದಾಯದವರು ಎಷ್ಟು ಮಂದಿ ಇದ್ದಾರೆಂದು ಓದುಗರಿಗೆ ನಾನು ಹೇಳಬೇಕಿಲ್ಲ. ಕೈಯ ಅಂದಾಜು, ಕಿವಿಯ ಅಂದಾಜು, ಉಸ್ತಾದರ ಬೈಗುಳ - ಇದೇ ಅವರ ಶಾಲೆ. ಅದು ಸಣ್ಣ ಶಾಲೆಯಲ್ಲ. ಆದರೆ ಈ ಬ್ರೇಕಿಗೆ ಕೈಯ ಬಲ ಶತ್ರು. ಚೆನ್ನಾಗಿ ಬಲ ಹಾಕಬಲ್ಲ ಮೆಕ್ಯಾನಿಕ್ಕೇ ಇದನ್ನು ಹೆಚ್ಚು ಹಾಳು ಮಾಡುತ್ತಾನೆ. ಆ ಹೆದ್ದಾರಿಯ ಹುಡುಗನ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಬದಲು 'ಸೆನ್ಸರ್' ಎಂದನಲ್ಲ, ಆ ಒಂದು ಮಾತನ್ನು ನಾನು ಒಪ್ಪಲಾರೆ. ದುರಸ್ತಿಗೆ ಬಂದ ಗಾಡಿ ಅಮಾನತ್. ಅದರೊಳಗೆ ನಾಳೆ ಯಾರು ಕೂರುತ್ತಾರೆಂದು ಮೆಕ್ಯಾನಿಕ್ಕಿಗೆ ಗೊತ್ತಿರುವುದಿಲ್ಲ.

ಕಾರು ಒಪ್ಪಿಸುವ ಮುನ್ನ ಕೇಳಬೇಕಾದದ್ದು ಒಂದೇ ಪ್ರಶ್ನೆ: "ಇದು ಗುಂಡಿಯ ಬ್ರೇಕು, ಸರ್ವಿಸ್ ಮೋಡ್‌ಗೆ ಹಾಕುವ ಸ್ಕ್ಯಾನರ್ ನಿಮ್ಮಲ್ಲಿ ಇದೆಯೇ?" ಇದೆ ಎಂದರೆ ಬಿಡಿ. ಬೇಡ ಮೇಡಂ, ಹಾಗೇ ಆಗುತ್ತೆ ಎಂದರೆ ಸಲಾಂ ಹೇಳಿ ಹೊರಡಿ. ಹೆಂಗಸರು ಕೇಳಿದರೆ ಕೆಲವರು ನಕ್ಕಾರು, ನಗಲಿ.

ಓಡಿಸುವವರಿಗೆ ಇನ್ನೆರಡು ಮಾತು. ಬ್ರೇಕು ಹಾಕಿರುವಾಗ ಬ್ಯಾಟರಿ ಸತ್ತರೆ ಗುಂಡಿ ಒತ್ತಿ ಬ್ರೇಕು ಬಿಡಿಸಲಾಗದು. ಬಲವಂತವಾಗಿ ಎಳೆಸದೆ ಇನ್ನೊಂದು ಬ್ಯಾಟರಿಯಿಂದ ಕರೆಂಟು ಕೊಡಿಸಬೇಕು. ಓಡುವಾಗ ಕಾಲಿನ ಬ್ರೇಕು ಕೈಕೊಟ್ಟರೆ, ನಂದಿಬೆಟ್ಟದ ಇಳಿಜಾರಿನಲ್ಲಿ ಡ್ರೈವರಿಗೆ ತಲೆ ಸುತ್ತಿದರೆ, ಪಕ್ಕದಲ್ಲಿ ಕೂತವರು ಆ ಗುಂಡಿಯನ್ನು ಎಳೆದು ಹಿಡಿದೇ ಇರಬೇಕು. ಬಹುತೇಕ ಕಾರುಗಳು ಆಗ ತಾವಾಗಿ ವೇಗ ತಗ್ಗಿಸಿಕೊಂಡು ನಿಲ್ಲುತ್ತವೆ, ಬೆರಳು ತೆಗೆದರೆ ಬ್ರೇಕು ಬಿಡುತ್ತದೆ. ನಿಮ್ಮ ಕಾರು ಹೀಗೆ ಮಾಡುತ್ತದೆಯೇ ಎಂದು ಅದರ ಪುಸ್ತಕದಲ್ಲಿ ಮೊದಲೇ ಓದಿಕೊಳ್ಳಿ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಗೇರನ್ನೂ ಹಾಕಿ. ನನ್ನ ಪತ್ನಿ ಈಗ ಒಂದು ಕಲ್ಲನ್ನೂ ಇಡುತ್ತಾಳೆ, ನಾನು ತಮಾಷೆ ಮಾಡುವುದನ್ನು ಬಿಟ್ಟಿದ್ದೇನೆ.

2022ರಲ್ಲಿ ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಹೊಸ ಯಂತ್ರೋಪಕರಣಗಳೊಂದಿಗೆ ಮೇಲ್ದರ್ಜೆಗೇರಿದವು. ಸ್ಪ್ಯಾನರ್ ಹಿಡಿಯಲು ಹೊರಟ ಮಗನಿರುವ ತಾಯಂದಿರು ಹತ್ತಿರದ ಐಟಿಐನಲ್ಲಿ ಒಮ್ಮೆ ವಿಚಾರಿಸಿ ನೋಡಬಹುದು.

ಭಾವಮೈದುನನ ಸ್ಕ್ಯಾನರ್ ಕಂತಿನಲ್ಲಿ ಕೊಂಡದ್ದು. ಪರದೆಯ ಮೇಲೆ ಬರುವುದೆಲ್ಲ ಇಂಗ್ಲಿಷು, ಅವನು ಓದಿರುವುದು ಆರನೆಯ ತರಗತಿಯವರೆಗೆ. ಮೊದಮೊದಲು ಪರದೆಯ ಫೋಟೋ ತೆಗೆದು ನನಗೆ ಕಳಿಸುತ್ತಿದ್ದ. ಈಗ ಕಳಿಸುವುದಿಲ್ಲ. ಪಿಯುಸಿ ಓದುವ ಅವನ ಮಗಳು ಕಾಲೇಜು ಬಿಟ್ಟು ಬಂದವಳು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು, ಒಂದೊಂದು ಸಾಲನ್ನೂ ಓದಿ ಹೇಳುತ್ತಾಳೆ. ಕಳೆದ ವಾರ ನಾನು ಹೋದಾಗ ಅವನು ಕಾರಿನ ಕೆಳಗಿನಿಂದಲೇ ಕೂಗುತ್ತಿದ್ದ, "ಬೇಟಾ, ಹಿಂದೆ ಹೋಯಿತಾ?"

"ಇನ್ನೂ ಹೋಗ್ತಾ ಇದೆ ಅಬ್ಬಾ, ಕೈ ಹಾಕಬೇಡಿ."