ಬೆಳಕಿನ ಲಡಿ ಬಿಡಿಸುವವರು

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಬೆಳೆದವರಿಗೆ ಈ ನೋಟ ಹೊಸದಲ್ಲ. ಬಣ್ಣದ ಹಂಡೆಯಿಂದ ಆಗಷ್ಟೇ ತೆಗೆದ ನೂಲಿನ ಲಡಿಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಬಣ್ಣ ಕೂಡಿ ಬಂತೋ ಇಲ್ಲವೋ ಎಂದು ಆಗಲೇ ಯಾರೂ ಹೇಳುವುದಿಲ್ಲ. ಒದ್ದೆ ನೂಲು ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಆರಿದ ಮೇಲೆ ಅದನ್ನು ಬಿಸಿಲಿಗೆ ತಂದು, ಹಳೆಯ ಮಾದರಿ ಲಡಿಯ ಪಕ್ಕ ಹಿಡಿದು ನೋಡಬೇಕು. ಕಣ್ಣು ಎಷ್ಟೇ ಪಳಗಿದ್ದರೂ ಮಾದರಿ ಇಲ್ಲದೆ ಮಾತಿಲ್ಲ.

ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯಲ್ಲಿ ನಕ್ಷತ್ರಗಳ ಬೆಳಕಿಗೆ ಹೀಗೆ ಮಾದರಿ ಹಿಡಿದು ನೋಡುವವರಿದ್ದಾರೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹೊರಟ ಆಸ್ಟ್ರೋಸ್ಯಾಟ್ ಉಪಗ್ರಹ ಸುಮಾರು 650 ಕಿ.ಮೀ. ಎತ್ತರದ ಕಕ್ಷೆ ಸೇರಿತು. ಅದರಲ್ಲಿರುವ ನೇರಳಾತೀತ ದೂರದರ್ಶಕದ ಹೆಸರು ಯುವಿಐಟಿ. ತಲಾ ಸುಮಾರು 38 ಸೆಂ.ಮೀ. ಅಗಲದ ಎರಡು ದೂರದರ್ಶಕಗಳ ಈ ಜೋಡಿಯನ್ನು ಕೂಡಿಸಿದ್ದು ಹೊಸಕೋಟೆಯ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ಯುವಿಐಟಿಯ ದತ್ತಾಂಶ ಕೇಂದ್ರ ಇರುವುದು ಕೋರಮಂಗಲದ ಇದೇ ಸಂಸ್ಥೆಯಲ್ಲಿ.

ಉಪಗ್ರಹದಿಂದ ಇಳಿದದ್ದು ಮೊದಲು ಬ್ಯಾಲಾಳಿನ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರಕ್ಕೆ ಹೋಗುತ್ತದೆ. ಅದನ್ನು ಚಿತ್ರ ಎಂದೂ ಕರೆಯಲಾಗದು, ವರ್ಣಪಟಲ ಎಂದೂ ಕರೆಯಲಾಗದು. ಯಾವ ಕ್ಷಣ, ಫಲಕದ ಯಾವ ಜಾಗಕ್ಕೆ ಒಂದು ಬೆಳಕಿನ ಕಣ ಬಡಿಯಿತು ಎಂಬ ಉದ್ದನೆಯ ಲೆಕ್ಕ ಅದು. ಉಪಗ್ರಹ ಆಕಾಶದ ಒಂದೇ ಬಿಂದುವಿನತ್ತ ಕಣ್ಣಿಟ್ಟಿದ್ದರೂ ನಿಧಾನಕ್ಕೆ ವಾಲುತ್ತಿರುತ್ತದೆ. ಎಷ್ಟು ವಾಲಿತು ಎಂಬುದನ್ನು ಗೋಚರ ಬೆಳಕಿನ ಕ್ಯಾಮೆರಾದಲ್ಲಿ ಕಂಡ ನಕ್ಷತ್ರಗಳಿಂದ ಅಳೆದು, ಒಂದೊಂದು ಕಣವನ್ನೂ ಅದರ ಸರಿಯಾದ ಜಾಗಕ್ಕೆ ಸರಿಸಬೇಕು. ಉಪಕರಣ ಸೆಕೆಂಡಿಗೆ ಸುಮಾರು 29 ಚೌಕಟ್ಟುಗಳನ್ನು ತೆಗೆಯುತ್ತದೆ. ಒಂದೇ ಚೌಕಟ್ಟಿನಲ್ಲಿ ಒಂದೇ ಜಾಗಕ್ಕೆ ಎರಡು ಕಣ ಬಿದ್ದರೆ ಒಂದೆಂದೇ ಎಣಿಸುತ್ತದೆ. ಹಾಗಾಗಿ ಪ್ರಕಾಶಮಾನ ನಕ್ಷತ್ರ ಇರುವುದಕ್ಕಿಂತ ಮಂಕಾಗಿ ಕಾಣುತ್ತದೆ. ಒದ್ದೆ ಲಡಿಯ ಬಣ್ಣದಂತೆ ಇದೂ ಮೋಸದ ನೋಟವೇ. ಅದಕ್ಕೂ ಲೆಕ್ಕ ಹಾಕಿ ತಿದ್ದಬೇಕು.

ವರ್ಣಪಟಲಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. ಬೆಳಕನ್ನು ಬಿಡಿಸುವ ಗ್ರೇಟಿಂಗ್‌ನ ಮುಂದೆ ಇಲ್ಲಿ ಸೀಳುಗಂಡಿ ಇಲ್ಲ. ಆದ್ದರಿಂದ ನೋಟಕ್ಕೆ ಸಿಕ್ಕ ಪ್ರತಿ ನಕ್ಷತ್ರವೂ ಒಂದೊಂದು ಗೆರೆಯಾಗಿ ಹರಡುತ್ತದೆ, ಗೆರೆಯ ಮೇಲೆ ಗೆರೆ ಬೀಳುತ್ತದೆ. ಇದಕ್ಕೆ ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ದೂರ-ನೇರಳಾತೀತ ವಿಭಾಗದಲ್ಲಿ ಎರಡು ಗ್ರೇಟಿಂಗ್‌ಗಳಿವೆ. ಒಂದು ಹಾಸಿನ ದಿಕ್ಕಿಗೆ ಬೆಳಕನ್ನು ಹರಡಿದರೆ ಇನ್ನೊಂದು ಹೊಕ್ಕಿನ ದಿಕ್ಕಿಗೆ ಹರಡುತ್ತದೆ. ಒಂದರಲ್ಲಿ ಸಿಕ್ಕಾದ ಎಳೆ ಇನ್ನೊಂದರಲ್ಲಿ ಬಿಡಿಯಾಗಿ ಸಿಗುತ್ತದೆ.

ಮಾದರಿ ಲಡಿ ಯಾವುದು? ಅಂಥವು ಆಕಾಶದಲ್ಲೇ ಇವೆ. ಗೆರೆಯ ಯಾವ ಬಿಂದು ಯಾವ ತರಂಗಾಂತರ ಎಂದು ಗುರುತು ಹಾಕಲು ಎನ್‌ಜಿಸಿ 40 ಎಂಬ ಗ್ರಹೀಯ ನೀಹಾರಿಕೆಯನ್ನು ಬಳಸಿದರು. ಅದರ ಹೊಳಪಿನ ರೇಖೆಗಳ ಜಾಗ ಮೊದಲೇ ಗೊತ್ತು. ಬೆಳಕಿನ ಪ್ರಮಾಣ ಅಳೆಯಲು ವೃಷಭ ರಾಶಿಯ ಎಚ್‌ಝಡ್ 4 ಎಂಬ ಶ್ವೇತಕುಬ್ಜ. ಪುಣೆಯ ಖಗೋಳ ಸಂಸ್ಥೆ ಐಯೂಕಾದ ಗುಲಾಬ್ ದೇವಾಂಗನ್ ಈ ಎರಡರಿಂದ ಗ್ರೇಟಿಂಗ್‌ಗಳ ಅಳತೆ ಕೂಡಿಸಿ 2021ರಲ್ಲಿ ಪ್ರಕಟಿಸಿದರು. ವರ್ಷಗಳು ಕಳೆದಂತೆ ಉಪಕರಣದ ಕಣ್ಣು ಮಂಜಾಯಿತೇ ಎಂದು ನೋಡಲು ಧ್ರುವದ ಹತ್ತಿರದ ಎನ್‌ಜಿಸಿ 188 ನಕ್ಷತ್ರಗುಚ್ಛಕ್ಕೆ ಯುವಿಐಟಿ ತಂಡ ಮತ್ತೆ ಮತ್ತೆ ಮರಳಿತು. ಸಮೀಪ-ನೇರಳಾತೀತ ವಿಭಾಗ 2018ರ ಮಾರ್ಚ್‌ನಲ್ಲಿ ಕೆಲಸ ನಿಲ್ಲಿಸಿತು. ಅದರ ವರ್ಣಪಟಲ ಬೇಕೆಂದರೆ ಅದಕ್ಕಿಂತ ಹಿಂದಿನ ದತ್ತಾಂಶದಲ್ಲೇ ಹುಡುಕಬೇಕು.

ಇದೇ ಉಪಗ್ರಹದ ಮೃದು ಎಕ್ಸ್-ಕಿರಣ ದೂರದರ್ಶಕ ತನ್ನ ಮಾದರಿಯನ್ನು ಜೊತೆಗೇ ಒಯ್ದಿದೆ. ಕ್ಯಾಮೆರಾದ ನಾಲ್ಕು ಮೂಲೆಗಳಲ್ಲಿ ಕಬ್ಬಿಣ-55ರ ಚೂರುಗಳಿವೆ. ಅವು 5.9 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಕಿರಣ ಸೂಸುತ್ತವೆ. ಆ ಗುರುತು ಜರುಗಿದರೆ ಅಳತೆಪಟ್ಟಿ ಜರುಗಿದೆ ಎಂದರ್ಥ. ಆದರೆ ಕಬ್ಬಿಣ-55 ಸುಮಾರು 2.7 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ, ಮಾದರಿಯೇ ಮಾಸುತ್ತದೆ.

ಇಷ್ಟೆಲ್ಲ ಒಳಗುಟ್ಟು ಹೊಸದಾಗಿ ಕೈಹಾಕಿದವರಿಗೆ ತಿಳಿಯುವುದಾದರೂ ಹೇಗೆ? ಕೇಳಬೇಕು, ಕೇಳಿದರೆ ಹೇಳುವವರಿದ್ದಾರೆ. ಇಸ್ರೋ ಬೆಂಬಲದ ಆಸ್ಟ್ರೋಸ್ಯಾಟ್ ವಿಜ್ಞಾನ ಸಹಾಯ ಕೇಂದ್ರ ಐಯೂಕಾದಲ್ಲಿದೆ. ತಂತ್ರಾಂಶ, ಬಳಕೆಯ ಕೈಪಿಡಿ, ತರಬೇತಿ ಶಿಬಿರ, ಪ್ರಶ್ನೆಗೆ ಉತ್ತರ ಎಲ್ಲವೂ ಅದರ ಕೆಲಸ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋ ಪೋಸ್ಟ್ಮಾ ಯುವಿಐಟಿ ಬಳಕೆದಾರರಿಗಾಗಿ ಸಿಸಿಡಿಲ್ಯಾಬ್ ಎಂಬ ತಂತ್ರಾಂಶ ಕೊಟ್ಟರು. ಹಬಲ್ ದೂರದರ್ಶಕದ ಬಳಕೆದಾರರಿಗೆ ಅಮೆರಿಕದ ಬಾಲ್ಟಿಮೋರ್‌ನ ಸಂಸ್ಥೆ ಮಾಡುವ ಕೆಲಸ ನಮ್ಮವರಿಗೆ ಬೆಂಗಳೂರು-ಪುಣೆಯಲ್ಲೇ ಆಗುತ್ತಿದೆ. ಇದನ್ನು ನಮ್ಮ ಕಡೆಯ ಕಾಲೇಜುಗಳಲ್ಲಿ ಇನ್ನೂ ಹೆಚ್ಚು ಮಂದಿ ತಿಳಿಯಬೇಕು.

ಕೇಳುವುದಕ್ಕೂ ಒಂದು ರೀತಿ ಇದೆ. "ವರ್ಣಪಟಲ ಸರಿ ಬರುತ್ತಿಲ್ಲ" ಎಂದಷ್ಟೇ ಬರೆದರೆ ಯಾವ ಪರಿಣತರಿಗೂ ದಾರಿ ತೋಚದು. ವೀಕ್ಷಣೆಯ ಗುರುತಿನ ಸಂಖ್ಯೆ, ಯಾವ ಗ್ರೇಟಿಂಗ್, ತಂತ್ರಾಂಶ ಎಷ್ಟನೆಯ ಆವೃತ್ತಿ, ಅಳತೆಯ ಕಡತ ಯಾವ ದಿನಾಂಕದ್ದು, ಯಾವ ಆಜ್ಞೆ ಕೊಟ್ಟಾಗ ಏನು ಬಂತು, ಏನು ಬರಬೇಕಿತ್ತು ಎಂದು ಬರೆಯಬೇಕು. ಹಳೆಯ ಅಳತೆ ಕಡತ ಹಿಡಿದು ಕುಳಿತದ್ದೇ ತಪ್ಪಿಗೆ ಕಾರಣ ಎಂದು ಎಷ್ಟೋ ಸಲ ಆ ಪತ್ರ ಬರೆಯುವಾಗಲೇ ಗೊತ್ತಾಗಿಬಿಡುತ್ತದೆ.

ವೀಕ್ಷಣೆ ಮಾಡಿಸಿದವರಿಗೆ ಕಾಯ್ದಿರಿಸಿದ ಅವಧಿ ಮುಗಿದ ದತ್ತಾಂಶ ಬ್ಯಾಲಾಳಿನ ಭಂಡಾರದಲ್ಲಿ ಎಲ್ಲರಿಗೂ ತೆರೆದಿದೆ. ಭೌತಶಾಸ್ತ್ರ ಓದುವ ಹುಡುಗಿಯೊಬ್ಬಳು ರಬಕವಿಯ ಮನೆಯಲ್ಲೇ ಕುಳಿತು ಶುರುಮಾಡುವುದಾದರೆ ಎನ್‌ಜಿಸಿ 40ರಿಂದಲೇ ಮಾಡಲಿ. ಗೆರೆಯನ್ನು ಬಿಡಿಸಿ, 1550 ಆಂಗ್‌ಸ್ಟ್ರಾಮ್ ಹತ್ತಿರ ಇಂಗಾಲದ ರೇಖೆ ಎಲ್ಲಿ ಕೂತಿದೆ ಎಂದು ನೋಡಲಿ. ಯುವಿಐಟಿಯ ದೂರ-ನೇರಳಾತೀತ ಗ್ರೇಟಿಂಗ್ ಸುಮಾರು 14 ಆಂಗ್‌ಸ್ಟ್ರಾಮ್‌ಗಿಂತ ಸೂಕ್ಷ್ಮ ವಿವರಗಳನ್ನು ಬಿಡಿಸಿ ತೋರಿಸಲಾರದು. ರೇಖೆ ಅದಕ್ಕಿಂತಲೂ ಹೆಚ್ಚು ಆಚೀಚೆ ಸರಿದಿದ್ದರೆ, ಮೇಲಿನ ವಿವರಗಳನ್ನೆಲ್ಲ ಬರೆದಿಟ್ಟುಕೊಂಡು ಪುಣೆಗೋ ಕೋರಮಂಗಲಕ್ಕೋ ಪತ್ರ ಹಾಕಲಿ.